ಕೆರೆಯಂಗಳ ಮತ್ತು ಕ್ರೀಡಾಂಗಣ

ನಮ್ಮ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸೀಮೆಯಲ್ಲಿ ಬೇಸಿಗೆಯ ಕ್ರಿಕೆಟ್ ಮೈದಾನ ಎಂದರೆ ಕೆರೆಯಂಗಳವೇ. ಶಿವರಾತ್ರಿ ಕಳೆದು ನೀರು ಏರಿಯ ಬುಡಕ್ಕೆ ಸರಿಯುತ್ತಿದ್ದಂತೆ ಒಳಗಿನ ನೆಲ ಒಣಗಿ ಬಿರುಕು ಬಿಡುತ್ತದೆ. ಹುಡುಗರು ಸೇರಿ ಜಾಲಿಗಿಡ ಕಿತ್ತು, ನಡುವೆ ಒಂದು ಪಟ್ಟಿ ಮಟ್ಟಸ ಮಾಡಿ, ಟೆನಿಸ್ ಬಾಲ್ ಟೂರ್ನಮೆಂಟಿನ ಪೋಸ್ಟರ್ ಅಂಟಿಸಿಬಿಡುತ್ತಾರೆ. ಮಳೆ ಹಿಡಿದು ಹಳ್ಳ ಹರಿದ ದಿನ ಆಟ ಮುಗಿಯಿತು. ಕೆರೆ ತನ್ನ ಜಾಗವನ್ನು ವಾಪಸು ತೆಗೆದುಕೊಳ್ಳುತ್ತದೆ, ಯಾರದೂ ತಕರಾರಿಲ್ಲ. ಮುಂದಿನ ಬೇಸಿಗೆಗೆ ಮತ್ತೆ ಅದೇ ಜಾಗ, ಅದೇ ಆಟ.

ದೊಡ್ಡ ಕ್ರೀಡಾಂಗಣಗಳನ್ನು ಪರಿಸರಕ್ಕೆ ಹೊಂದಿಸುವುದು ಹೇಗೆ ಎಂಬ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಈ ಕೊಡುಕೊಳೆ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಆಟ ಮತ್ತು ಕೆರೆಯ ನಡುವೆ ಇಂಥ ಒಪ್ಪಂದ ಉಳಿಯಲಿಲ್ಲ. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬರುವವರೆಗೆ ಊರಿಗೆ ನೀರು ಕೊಟ್ಟ ಕೆರೆಗಳಲ್ಲಿ ಅದೂ ಒಂದು. ಈಗ ಕರಗದ ವಿಧಿಗೆಂದು ಒಂದು ಪುಟ್ಟ ಕೊಳ ಮಾತ್ರ ಮಿಕ್ಕಿದೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗೆ ಶೂಲೆ ಕೆರೆ, ಹಾಕಿ ಕ್ರೀಡಾಂಗಣದ ಕೆಳಗೆ ಅಕ್ಕಿತಿಮ್ಮನಹಳ್ಳಿ ಕೆರೆ, ಗಾಲ್ಫ್ ಮೈದಾನದ ಕೆಳಗೆ ಚಲ್ಲಘಟ್ಟ ಕೆರೆ. ಕಟ್ಟಿದವರು ಕೆಟ್ಟವರೆಂದು ಹೇಳಲಾರೆ. ಆ ಕಾಲಕ್ಕೆ ಬತ್ತಿದ ಕೆರೆ ಎಂದರೆ ಸೊಳ್ಳೆ, ರೋಗ, ಖಾಲಿ ಜಾಗ. ಆದರೆ ಬಿದ್ದ ಮಳೆಗೆ ಹೋಗಲು ಒಂದು ಜಾಗ ಬೇಕೆಂಬುದನ್ನು ಎಲ್ಲರೂ ಮರೆತರು. ಆದ್ದರಿಂದ ಕ್ರೀಡಾಂಗಣದ ಹಸಿರುತನವನ್ನು ಅಳೆಯಲು ಹೊರಟರೆ ಮೊದಲು ನೋಡಬೇಕಾದ್ದು ಚಾವಣಿಯ ಮೇಲಿನ ಫಲಕಗಳನ್ನಲ್ಲ, ಅದು ಕೂತ ನೆಲವನ್ನು ಎಂಬುದು ನನ್ನ ಅಭಿಪ್ರಾಯ.

ಈ ನಾಲ್ಕರ ಸಾಲಿಗೆ ಸೇರದ ಎಂ. ಚಿನ್ನಸ್ವಾಮಿ ಕ್ರೀಡಾಂಗಣವೇ ಕರ್ನಾಟಕದಲ್ಲಿ ಈ ವಿಚಾರದ ದೊಡ್ಡ ಪ್ರಯೋಗಶಾಲೆಯಾಗಿದೆ. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಇಲ್ಲಿ ಮೊದಲ ಟೆಸ್ಟ್ ನಡೆಯಿತು. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಚೊಚ್ಚಲ ಟೆಸ್ಟ್. ನಾಲ್ಕು ದಶಕದ ನಂತರ, 2015ರಲ್ಲಿ, ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಪ್ರೇಕ್ಷಕರ ಗ್ಯಾಲರಿಯ ಚಾವಣಿಯ ಮೇಲೆ 400 ಕಿಲೋವ್ಯಾಟ್ ಸೌರಫಲಕ ಹಾಕಿಸಿತು. ಕ್ರಿಕೆಟ್ ಕ್ರೀಡಾಂಗಣವೊಂದು ಈ ಪ್ರಮಾಣದಲ್ಲಿ ಬಿಸಿಲನ್ನು ನೆಚ್ಚಿದ್ದು ಜಗತ್ತಿನಲ್ಲೇ ಮೊದಲು ಎಂದು ಆಗ ಸುದ್ದಿಯಾಯಿತು. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆಂದು ಹಿಡಿದರೂ 400 ಕಿಲೋವ್ಯಾಟಿಗೆ ದಿನಕ್ಕೆ 1,600 ಯೂನಿಟ್, ವರ್ಷಕ್ಕೆ ಐದೂವರೆ ಲಕ್ಷಕ್ಕೂ ಹೆಚ್ಚು. ಸಣ್ಣ ಮಾತಲ್ಲ.

ಆದರೆ ಒಂದು ತೊಡಕಿದೆ. ಫಲಕ ಕೆಲಸ ಮಾಡುವುದು ಹಗಲು, ಹೆಚ್ಚಿನ ಐಪಿಎಲ್ ಪಂದ್ಯಗಳು ಶುರುವಾಗುವುದು ರಾತ್ರಿ ಏಳೂವರೆಗೆ. ಹಗಲು ಹುಟ್ಟಿದ ವಿದ್ಯುತ್ತು ಗ್ರಿಡ್‌ಗೆ ಹೋಗಿ, ರಾತ್ರಿಯ ಬಳಕೆಯಲ್ಲಿ ವಜಾ ಆಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಇದು ಸರಿಹೋಗುತ್ತದೆ, ಫ್ಲಡ್‌ಲೈಟಿನ ಕೆಳಗೆ ಸರಿಹೋಗುವುದಿಲ್ಲ. ನೇರ ಪ್ರಸಾರದ ನಡುವೆ ಒಂದು ಕ್ಷಣವೂ ದೀಪ ಆರಬಾರದು. ಅದಕ್ಕಾಗಿ ದೊಡ್ಡ ಮೈದಾನಗಳ ಹಿತ್ತಲಲ್ಲಿ ಡೀಸೆಲ್ ಜನರೇಟರುಗಳು ಇಂದಿಗೂ ಗುಡುಗುತ್ತವೆ. ಆಮ್‌ಸ್ಟರ್‌ಡ್ಯಾಮಿನ ಯೋಹಾನ್ ಕ್ರೈಫ್ ಅರೇನಾದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿ ಚಾವಣಿಯ ಮೇಲೆ 4,200 ಸೌರಫಲಕಗಳು; 2018ರಲ್ಲಿ 148 ಎಲೆಕ್ಟ್ರಿಕ್ ಕಾರುಗಳಿಗೆ ಸಾಟಿಯಾಗುವಷ್ಟು ಬ್ಯಾಟರಿ ಜೋಡಿಸಿ 3 ಮೆಗಾವ್ಯಾಟ್ ಶೇಖರಣೆ ಮಾಡಿಕೊಂಡರು. ಅದರಲ್ಲಿ ಕಾರಿನಲ್ಲಿ ಸವೆದು ಬಂದ ಬ್ಯಾಟರಿಗಳೂ ಇದ್ದವು. ಪಂದ್ಯವಿಲ್ಲದ ದಿನ ಅದೇ ಬ್ಯಾಟರಿ ನಗರದ ಗ್ರಿಡ್‌ಗೆ ಆಸರೆ. ತೈವಾನಿನ ಕಾವೋಶಿಯುಂಗ್‌ನಲ್ಲಿ 2009ರಲ್ಲೇ 8,844 ಫಲಕಗಳ ಚಾವಣಿಯ ಕ್ರೀಡಾಂಗಣ ಎದ್ದಿದೆ. ವಿದ್ಯುತ್ತಿನ ಮಟ್ಟಿಗೆ ದಾರಿ ಗೊತ್ತಿದೆ, ಸಾಮಗ್ರಿ ಸಿಗುತ್ತದೆ, ದುಡ್ಡು ಹಾಕುವ ಮನಸ್ಸು ಬೇಕು. ಹಾಗಾಗಿ ಈ ಭಾಗವನ್ನು ಇಲ್ಲಿಗೇ ಬಿಟ್ಟು ನೀರಿಗೆ ಬರುತ್ತೇನೆ.

2015ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಬೆಂಗಳೂರು ಟೆಸ್ಟಿನಲ್ಲಿ ಆಟ ನಡೆದದ್ದು ಮೊದಲ ದಿನ ಮಾತ್ರ, ಉಳಿದ ನಾಲ್ಕು ದಿನ ನೀರುಪಾಲು. ಅದಾದ ಮೇಲೆ ಅಂಗಳವನ್ನೇ ಅಗೆದು, ಮಣ್ಣು ತೆಗೆದು ಮರಳು ತುಂಬಿ, ಒಳಗೆ ತೂತಿನ ಕೊಳವೆಗಳ ಜಾಲ ಹಾಸಿ, ‘ಸಬ್‌ಏರ್’ ಎಂಬ ನೀರು ಹೀರುವ ವ್ಯವಸ್ಥೆ ಕೂಡಿಸಿದರು. 2017ರ ಆರಂಭದಲ್ಲಿ ಅದು ಬಳಕೆಗೆ ಬಂತು. ಖರ್ಚು ನಾಲ್ಕು ಕೋಟಿಗೂ ಮೇಲೆ. ನಿಮಿಷಕ್ಕೆ 10,000 ಲೀಟರ್ ನೀರನ್ನು ಅಂಗಳದಿಂದ ಎಳೆದು ಹೊರಹಾಕುವ ಶಕ್ತಿ ಅದಕ್ಕಿದೆ ಎನ್ನುತ್ತಾರೆ. ಅದೇ ವರ್ಷದ ಮೇ ತಿಂಗಳಲ್ಲಿ ಕೋಲ್ಕತ್ತ ಮತ್ತು ಹೈದರಾಬಾದ್ ತಂಡಗಳ ಎಲಿಮಿನೇಟರ್ ಪಂದ್ಯಕ್ಕೆ ಮೂರು ಗಂಟೆಗೂ ಹೆಚ್ಚು ಹೊತ್ತು ಮಳೆ ಅಡ್ಡಿಯಾಗಿ, ಮಧ್ಯರಾತ್ರಿ ಕಳೆದ ಮೇಲೆ ಆಟ ಮುಂದುವರಿದು ಫಲಿತಾಂಶ ಬಂದಿತ್ತು. ನೋಡಿದವರಿಗೆ ಅದೊಂದು ಪವಾಡ.

ಕೆರೆಯ ಊರಿನಲ್ಲಿ ಬೆಳೆದವನಿಗೆ ಮಾತ್ರ ಬೇರೊಂದು ಪ್ರಶ್ನೆ ಏಳುತ್ತದೆ: ಎಳೆದ ನೀರು ಎಲ್ಲಿಗೆ ಹೋಯಿತು? ಕೆರೆಯೊಂದನ್ನು ಕಂಡರೆ ನಮ್ಮ ಹಿರಿಯರು ಕೇಳುತ್ತಿದ್ದದ್ದು ಮೂರೇ ಮಾತು. ನೀರು ಎಲ್ಲಿಂದ ಬರುತ್ತದೆ, ತೂಬು ಎಲ್ಲಿದೆ, ಕೋಡಿ ಬಿದ್ದರೆ ಯಾವ ಹಳ್ಳಕ್ಕೆ. ನಮ್ಮ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿ ನಿಲ್ಲಿಸಿದವರಿಗೆ ಈ ಮೂರು ಮಾತು ಗೊತ್ತಿದ್ದವು. ಶತಮಾನಗಳು ಕಳೆದರೂ ಅದು ತುಂಬುತ್ತಿದೆ, ಚಿತ್ರದುರ್ಗದವರೆಗೂ ಕುಡಿಯುವ ನೀರು ಕೊಡುತ್ತಿದೆ. ಕ್ರೀಡಾಂಗಣವೂ ರೂಪದಲ್ಲಿ ಒಂದು ಬೋಗುಣಿಯೇ. ಸುತ್ತ ಏರಿಯಂತೆ ಗ್ಯಾಲರಿ, ನಡುವೆ ತಗ್ಗಿನ ಅಂಗಳ. ಅದೇ ಮೂರು ಪ್ರಶ್ನೆ ಅಲ್ಲಿಗೂ ಸಲ್ಲುತ್ತವೆ.

ಒಂದು ಲೆಕ್ಕ ಹಾಕೋಣ. ಅಂಗಳವನ್ನು 70 ಮೀಟರ್ ತ್ರಿಜ್ಯದ ವೃತ್ತವೆಂದುಕೊಂಡರೆ ಅದರ ವಿಸ್ತೀರ್ಣ 15,400 ಚದರ ಮೀಟರ್, ಹತ್ತಿರ ಹತ್ತಿರ ನಾಲ್ಕು ಎಕರೆ. ಏಪ್ರಿಲ್ ಬಿಸಿಲಿಗೆ ಹುಲ್ಲು ಬಾಡದಿರಲು ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರು ಬೇಕೆಂದು ಹಿಡಿದರೆ 77,000 ಲೀಟರ್. ಮಣ್ಣಿನ ಬದಲು ಮರಳಿದ್ದರೆ ನೀರು ಬೇಗ ಇಳಿದುಹೋಗುತ್ತದೆ, ಮತ್ತೆ ಮತ್ತೆ ಕೊಡಬೇಕು. ಮಳೆಗಾಲದಲ್ಲಿ ಆಟ ಉಳಿಸಿದ ಮರಳೇ ಬೇಸಿಗೆಯಲ್ಲಿ ನೀರು ಕೇಳುತ್ತದೆ. ಇನ್ನು ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಆ ನಾಲ್ಕು ಎಕರೆಯ ಮೇಲೆ ವರ್ಷದಲ್ಲಿ ಬೀಳುವುದು ಒಂದೂವರೆ ಕೋಟಿ ಲೀಟರಿನಷ್ಟು. ಅಂದರೆ ಅಂಗಳದ ಮೇಲೆ ಬಿದ್ದದ್ದನ್ನು ಹಿಡಿದಿಟ್ಟುಕೊಂಡರೆ ಅದೇ ಅಂಗಳಕ್ಕೆ 190 ದಿನಕ್ಕೂ ಹೆಚ್ಚು ಕಾಲ ಕುಡಿಸಬಹುದು, ಗ್ಯಾಲರಿ ಚಾವಣಿಯ ನೀರನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಹೀರುವ ಯಂತ್ರದ ಬಾಯಿ ಸಂಪಿಗೆ ತೆರೆದರೆ ಅದು ತೂಬು, ಚರಂಡಿಗೆ ತೆರೆದರೆ ಅದು ಒಡೆದ ಏರಿ. ಯಂತ್ರ ಒಂದೇ.

2024ರ ಬೇಸಿಗೆಯಲ್ಲಿ ಈ ಲೆಕ್ಕ ಬೀದಿಗೆ ಬಂತು. ಬೆಂಗಳೂರಿನ ಸರ್ಕಾರಿ ಕೊಳವೆಬಾವಿಗಳು ಸುಮಾರು 14,000. ಅವುಗಳಲ್ಲಿ ಸರಿಸುಮಾರು 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅದೇ ಮಾರ್ಚಿನಲ್ಲಿ ಐಪಿಎಲ್. ಕುಡಿಯಲು ನೀರಿಲ್ಲದಾಗ ಹುಲ್ಲಿಗೆ ನೀರೇ ಎಂದು ಜನ ಕೇಳಿದರು, ಕೇಳಲೇಬೇಕಿತ್ತು. ಜಲಮಂಡಳಿ ಕಬ್ಬನ್ ಪಾರ್ಕಿನ ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ದಿನಕ್ಕೆ 75,000 ಲೀಟರ್ ಕೊಡಲು ಒಪ್ಪಿತು. ಕ್ರೀಡಾಂಗಣಗಳು ಅಂತರ್ಜಲ ಬಳಸುವುದರ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ವಿಚಾರಣೆ ನಡೆಸಿದೆ. ಕಾವೇರಿ ನೀರು ಬೆಂಗಳೂರು ಸೇರಲು ನೂರು ಕಿಲೋಮೀಟರ್ ಸಾಗಿ, 500 ಮೀಟರಿನಷ್ಟು ಮೇಲೇರಬೇಕು. ಸಾವಿರ ಲೀಟರಿಗೆ ಕಡಿಮೆಯೆಂದರೂ ಒಂದೂವರೆ ಯೂನಿಟ್ ವಿದ್ಯುತ್ ಬೇಕು. ಹತ್ತಿರದ ಉದ್ಯಾನದ ಕೊಳಚೆ ನೀರನ್ನೇ ಶುದ್ಧ ಮಾಡಿ ಹುಲ್ಲಿಗೆ ಹಾಯಿಸಿದರೆ ನೀರೂ ಉಳಿಯಿತು, ಆ ವಿದ್ಯುತ್ತಿನಲ್ಲೂ ದೊಡ್ಡ ಪಾಲು ಉಳಿಯಿತು. ಬರ ಬಂದ ವರ್ಷ ಮಾತ್ರ ಮಾಡುವ ಕೆಲಸವಲ್ಲ ಇದು. ಪ್ರತಿ ವರ್ಷದ ಪದ್ಧತಿಯಾಗಬೇಕು.

ಅದೇ ಬೇಸಿಗೆಯಲ್ಲಿ ಚನ್ನಗಿರಿಯ ಅಡಕೆ ಬೆಳೆಗಾರರು ಟ್ಯಾಂಕರಿನಲ್ಲಿ ನೀರು ಕೊಂಡು ತಂದು ತೋಟಕ್ಕೆ ಹಾಯಿಸಿದರು. ಸಂಜೆ ಟಿವಿಯಲ್ಲಿ ಹಚ್ಚಹಸಿರು ಅಂಗಳ, ಕಿಟಕಿಯಾಚೆ ಟ್ಯಾಂಕರಿನ ಸದ್ದು. ಭದ್ರೆಯ ನೀರೆತ್ತಿ ಕೆರೆ ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ನಮ್ಮ ಕಡೆಗಿದೆ; ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳಿಗೆ ನೀರು ತರುವ ಯೋಜನೆ ನಮ್ಮ ಜಿಲ್ಲೆಯ ಇನ್ನೊಂದು ತುದಿಯಲ್ಲಿದೆ. ಎತ್ತಿದ ನೀರಿನ ಬೆಲೆ ನಮಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು. ಹಾಗೆಂದು ಬರ ಬಂತೆಂದು ಆಟ ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ಅದನ್ನೂ ಒಮ್ಮೆ ಮಾಡಿ ನೋಡಿದ್ದಾಯಿತು. 2016ರಲ್ಲಿ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸುತ್ತಿದ್ದ ದಿನಗಳಲ್ಲಿ, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಒಯ್ಯುವಂತೆ ಬಾಂಬೆ ಹೈಕೋರ್ಟ್ ಹೇಳಿತು. ಮುಂಬೈಯಲ್ಲಿ ನಡೆಯಬೇಕಿದ್ದ ಫೈನಲ್ ಮೇ 29ರಂದು ನಡೆದದ್ದು ಬೆಂಗಳೂರಿನಲ್ಲಿ. ಆ ವರ್ಷ ಕರ್ನಾಟಕದಲ್ಲೂ ಬರವಿತ್ತು. ಒಂದು ಬರದ ನಾಡಿನಿಂದ ಇನ್ನೊಂದು ಬರದ ನಾಡಿಗೆ ಪಂದ್ಯ ಸಾಗಿಸಿದರೆ ಹನಿ ನೀರೂ ಉಳಿಯುವುದಿಲ್ಲ. ಉಳಿಯಬೇಕಾದರೆ ಪ್ರತಿ ಅಂಗಳವೂ ತನ್ನ ಮಳೆಯಲ್ಲಿ, ತನ್ನ ನೆರೆಹೊರೆಯ ಶುದ್ಧೀಕರಿಸಿದ ನೀರಿನಲ್ಲಿ ಬದುಕಲು ಕಲಿಯಬೇಕು.

ನೀರು, ವಿದ್ಯುತ್ತುಗಳಿಗಿಂತ ಹೆಚ್ಚು ಹೊಗೆ ಏಳುವುದು ಗೇಟಿನ ಹೊರಗೆ. ಕತಾರಿನ 2022ರ ವಿಶ್ವಕಪ್ ಫುಟ್‌ಬಾಲಿನಿಂದ 36 ಲಕ್ಷ ಟನ್ ಇಂಗಾಲ ವಾತಾವರಣ ಸೇರುತ್ತದೆಂದು ಸಂಘಟಕರೇ ಅಂದಾಜಿಸಿದ್ದರು. ಅದರಲ್ಲಿ ಅರ್ಧಕ್ಕೂ ಹೆಚ್ಚು ಪ್ರಯಾಣದ ಪಾಲು. ಆದರೂ ಅದು ಇಂಗಾಲ ತಟಸ್ಥ ಪಂದ್ಯಾವಳಿ ಎಂದು ಸಾರಲಾಯಿತು. ಆ ಮಾತಿಗೆ ಆಧಾರವಿಲ್ಲವೆಂದು ಸ್ವಿಟ್ಜರ್ಲೆಂಡಿನ ಜಾಹೀರಾತು ನಿಯಂತ್ರಣ ಸಮಿತಿ 2023ರಲ್ಲಿ ತೀರ್ಪಿತ್ತಿತು. ನಮ್ಮಲ್ಲೂ ಸಸಿ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಪದ್ಧತಿಯಿದೆ. ಆರ್‌ಸಿಬಿ ತಂಡ 2011ರಿಂದ ಬಹುತೇಕ ಪ್ರತಿ ವರ್ಷ ಒಂದು ಪಂದ್ಯವನ್ನು ಹಸಿರು ಅಂಗಿ ತೊಟ್ಟು ಆಡುತ್ತದೆ, ನಾಯಕರು ಸಸಿ ಕೊಟ್ಟುಕೊಳ್ಳುತ್ತಾರೆ. ಮಕ್ಕಳ ಮನಸ್ಸಿಗೆ ಅದು ನಾಟುತ್ತದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಅಂದು ಬಂದ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಯಾವುದರಲ್ಲಿ ಬಂದರು ಎಂಬುದರ ಮುಂದೆ ಅಂಗಿಯ ಬಣ್ಣಕ್ಕೆ ತೂಕವಿಲ್ಲ.

ಇಲ್ಲಿ ಚಿನ್ನಸ್ವಾಮಿಗೆ ಒಂದು ದೊಡ್ಡ ಅನುಕೂಲವಿದೆ. ಅದು ಊರ ನಡುವೆ ಇದೆ. 2016ರ ಏಪ್ರಿಲಿನಲ್ಲಿ ನೇರಳೆ ಮಾರ್ಗದ ಸುರಂಗ ತೆರೆದ ಮೇಲೆ ಕಬ್ಬನ್ ಪಾರ್ಕ್ ನಿಲ್ದಾಣ ಅದರ ಮಗ್ಗುಲಿಗೇ ಬಂತು, ಎಂ.ಜಿ. ರಸ್ತೆ ನಿಲ್ದಾಣ ನಡೆದುಹೋಗುವ ದೂರ. ಪಂದ್ಯದ ರಾತ್ರಿ ಮೆಟ್ರೊ ತಡವಾಗಿ ಓಡುತ್ತದೆ. ಚೆನ್ನೈನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2024ರಲ್ಲಿ ಪಂದ್ಯದ ಟಿಕೆಟ್ ತೋರಿಸಿದವರಿಗೆ ನಗರ ಸಾರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟರು. ಅದೇ ವರ್ಷ ಜರ್ಮನಿಯ ಯೂರೊ ಫುಟ್‌ಬಾಲಿನಲ್ಲಿ ಪಂದ್ಯದ ಟಿಕೆಟ್ಟೇ 36 ಗಂಟೆಗಳ ಸ್ಥಳೀಯ ಬಸ್ಸು ರೈಲಿನ ಟಿಕೆಟ್ಟೂ ಆಗಿತ್ತು. ಸಾವಿರಾರು ರೂಪಾಯಿಯ ಕ್ರಿಕೆಟ್ ಟಿಕೆಟ್ಟಿನೊಳಗೆ ಮೆಟ್ರೊ ದರ ಸೇರಿಸುವುದು ಬೆಂಗಳೂರಿಗೆ ಕಷ್ಟವಲ್ಲ. ಇದಕ್ಕೆ ಯಂತ್ರ ಬೇಡ, ಕಾಮಗಾರಿ ಬೇಡ, ಒಂದು ಆದೇಶ ಸಾಕು.

ಕಸದ ವಿಷಯ ಹೆಚ್ಚು ಬೆಳೆಸುವುದಿಲ್ಲ. ಕರ್ನಾಟಕ ಪ್ಲಾಸ್ಟಿಕ್ ಲೋಟ, ತಟ್ಟೆ, ಚೀಲಗಳನ್ನು ನಿಷೇಧಿಸಿದ್ದು 2016ರಲ್ಲಿ. ಭದ್ರತೆಯ ಕಾರಣಕ್ಕೆ ಮನೆಯಿಂದ ನೀರಿನ ಬಾಟಲಿ ತರಲು ಬಿಡದಿದ್ದರೆ, ಒಳಗೆ ಸಾಕಷ್ಟು ಕುಡಿಯುವ ನೀರಿನ ನಲ್ಲಿಗಳನ್ನಾದರೂ ಇಡಬೇಕು. ಊಟ ತಿಂಡಿಗೆ ಅಡಕೆ ಹಾಳೆಯ ತಟ್ಟೆ ಇದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗದ ತೋಟಗಳಲ್ಲಿ ಹಾಳೆ ತಾನಾಗಿ ಉದುರುತ್ತದೆ, ಊರ ಹೆಣ್ಣುಮಕ್ಕಳು ಅದನ್ನು ಆರಿಸಿ, ನೆನೆಸಿ, ಯಂತ್ರಕ್ಕೆ ಒತ್ತಿ ತಟ್ಟೆ ಮಾಡುತ್ತಾರೆ. ಪಂದ್ಯ ಮುಗಿದ ಮೇಲೆ ಅದೇ ತಟ್ಟೆ ಉಳಿದ ಅನ್ನದ ಜೊತೆ ಗೊಬ್ಬರವಾಗುತ್ತದೆ. ಬೆಂಗಳೂರಿನ ಒಂದೊಂದು ಪಂದ್ಯಕ್ಕೂ ಹತ್ತಾರು ಸಾವಿರ ತಟ್ಟೆ ಬೇಕು. ಆ ಖರೀದಿ ನಮ್ಮ ಹೋಬಳಿಗಳಿಗೆ ಬಂದರೆ ಎಷ್ಟು ಮನೆಗಳಿಗೆ ಆಸರೆಯಾದೀತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಇಷ್ಟು ಹಳೆಯದರ ಮಾತು. ಈಗ ಎದುರಿಗಿರುವುದು ಹೊಸತು. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಜೀವಗಳು ಹೋದವು. ಅವರಲ್ಲಿ ಹೆಚ್ಚಿನವರು ಎಳೆಯರು. ಜನಸಾಗರ ಸೇರುವ ಕಾರ್ಯಕ್ರಮಗಳಿಗೆ ಆ ಜಾಗ ಸುರಕ್ಷಿತವಲ್ಲವೆಂದು ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹ ಆಯೋಗ ಹೇಳಿತು. ಅದರ ಬೆನ್ನಿಗೇ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ ಬಳಿ, ಸೂರ್ಯನಗರದಲ್ಲಿ, ನೂರು ಎಕರೆಯಲ್ಲಿ 80,000 ಆಸನಗಳ ಕ್ರೀಡಾ ಸಂಕೀರ್ಣದ ಯೋಜನೆ ಮುಂದೆ ಬಂತು. ಅಂದಾಜು ವೆಚ್ಚ 1,650 ಕೋಟಿ ರೂಪಾಯಿ.

ಇರುವ ಕಟ್ಟಡವನ್ನು ರಿಪೇರಿ ಮಾಡಿ ಬಾಳಿಸುವುದೇ ಎಲ್ಲಕ್ಕಿಂತ ಹಸಿರು ಕ್ರಮ, ಯಾಕೆಂದರೆ ಸಿಮೆಂಟು, ಉಕ್ಕು ಸುಡುವ ಕಲ್ಲಿದ್ದಲನ್ನು ಯಾವ ಸೌರಫಲಕವೂ ಬೇಗ ತೀರಿಸಲಾರದು. ಆದರೆ ಜೀವದ ಪ್ರಶ್ನೆ ಬಂದಾಗ ಆ ವಾದವನ್ನು ಒತ್ತಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೊಸದು ಬೇಕೆಂದೇ ಇಟ್ಟುಕೊಳ್ಳೋಣ. ಐಪಿಎಲ್ ತಂಡವೊಂದಕ್ಕೆ ತವರಿನಲ್ಲಿ ಸಿಗುವುದು ವರ್ಷಕ್ಕೆ ಏಳು ಲೀಗ್ ಪಂದ್ಯ. ಅಂತರರಾಷ್ಟ್ರೀಯ ಪಂದ್ಯಗಳೂ ಕೆಲವು ಸೇರಲಿ. ಉಳಿದ ಮುನ್ನೂರು ಚಿಲ್ಲರೆ ದಿನ 80,000 ಖಾಲಿ ಕುರ್ಚಿಗಳ ಕೆಳಗೆ ಏನು ನಡೆಯುತ್ತದೆ ಎಂಬುದು ನಕ್ಷೆಯಲ್ಲೇ ಇರಬೇಕು. ಸುತ್ತಲ ಶಾಲೆಗಳ ಮಕ್ಕಳು ಅಲ್ಲಿ ಓಡುತ್ತಾರೆಯೆ? 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೆ ಬಂದಿದೆ, ನಿಜ. ಆದರೆ ನಿಲ್ದಾಣದಿಂದ ಕ್ರೀಡಾಂಗಣದ ಬಾಗಿಲಿಗೆ 80,000 ಜನರನ್ನು ಒಯ್ಯುವುದು ಯಾವುದು? ಉತ್ತರ ಕಾರು ಎಂದಾದರೆ ಚಾವಣಿ ತುಂಬ ಫಲಕ ಹಾಕಿದರೂ ಅದು ಹೊಗೆಯ ಕ್ರೀಡಾಂಗಣವೇ.

ಮತ್ತೆ ನೀರು. ನೂರು ಎಕರೆಯ ಮೇಲೆ ವರ್ಷಕ್ಕೆ ಬೀಳುವ ಮಳೆ 30 ಕೋಟಿ ಲೀಟರಿಗೂ ಮೀರುತ್ತದೆ. ಇಂದು ಅದು ನೆಲಕ್ಕಿಳಿದು, ಹಳ್ಳ ಹಿಡಿದು, ಆನೇಕಲ್ಲಿನ ಕೆರೆಗಳಿಗೆ ಹೋಗುತ್ತದೆ. ಕಾಂಕ್ರೀಟು, ಡಾಂಬರು ಹಾಕಿದ ಮರುದಿನ ಅದೇ ನೀರು ಒಂದೇ ಉಸಿರಿಗೆ ಕೆಳಗಿನ ಮನೆಗಳಿಗೆ ನುಗ್ಗುತ್ತದೆ. ಆ ಭಾಗದಲ್ಲೇ ಚಂದಾಪುರ ಕೆರೆಯಿದೆ. ಕೈಗಾರಿಕೆಯ ಮತ್ತು ಊರಿನ ಕೊಳಚೆಯಿಂದ ಅದು ಕೆಟ್ಟ ಪರಿಗೆ, ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದು ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶಿಸಿತ್ತು. ಇಂಥ ಕೆರೆಯ ನೆರೆಯಲ್ಲಿ 1,650 ಕೋಟಿಯ ಕ್ರೀಡಾಂಗಣ ಎದ್ದರೆ ಎರಡರ ಹಣೆಬರಹವನ್ನೂ ಒಟ್ಟಿಗೇ ಬರೆಯಬಹುದು. ಕೆರೆಗೆ ಹರಿಯುವ ಕೊಳಚೆಯನ್ನು ಅಡ್ಡಗಟ್ಟಿ ಶುದ್ಧೀಕರಿಸಿ ಅಂಗಳಕ್ಕೆ, ಶೌಚಾಲಯಕ್ಕೆ ಬಳಸುವುದು. ಗ್ಯಾಲರಿಯ ಮೇಲೆ ಬಿದ್ದ ಶುದ್ಧ ಮಳೆನೀರನ್ನು ಇಂಗಿಸಿ, ಮಿಕ್ಕದ್ದನ್ನು ಕೆರೆಗೆ ಬಿಡುವುದು. ಸಂಪಂಗಿ, ಶೂಲೆ, ಅಕ್ಕಿತಿಮ್ಮನಹಳ್ಳಿಗಳಿಂದ ಆಟ ಪಡೆದದ್ದನ್ನು ಒಂದು ಕೆರೆಗಾದರೂ ಹಿಂದಿರುಗಿಸಿದಂತಾಗುತ್ತದೆ.

ಸರ್ಕಾರಕ್ಕೆ, ಈ ಸಂಕೀರ್ಣ ಕಟ್ಟಿಸಲಿರುವ ಗೃಹಮಂಡಳಿಗೆ, ಕ್ರಿಕೆಟ್ ಸಂಸ್ಥೆಗೆ ನನ್ನದೊಂದೇ ಕೋರಿಕೆ. ಕಟ್ಟಡದ ಬಣ್ಣದ ಚಿತ್ರಕ್ಕಿಂತ ಮೊದಲು ಆ ನೂರು ಎಕರೆಯ ಹಳೆಯ ಗ್ರಾಮನಕ್ಷೆಯನ್ನು, ಅದರ ಮೇಲಿರುವ ಕೆರೆ, ಕಾಲುವೆ, ಹಳ್ಳಗಳ ಗುರುತು ಸಮೇತ, ಆನೇಕಲ್ಲಿನ ಜನರ ಮುಂದೆ ಹರಡಿ. ನೀರು ಎಲ್ಲಿಂದ, ತೂಬು ಎಲ್ಲಿ, ಕೋಡಿ ಎಲ್ಲಿಗೆ ಎಂದು ಅವರು ಕೇಳಲಿ. ಉತ್ತರ ಸಿಕ್ಕ ಮೇಲೆ ಗುದ್ದಲಿ ಪೂಜೆ ಮಾಡಿ.